ಪಕ್ಷ ಮತ್ತು ಪ್ರತಿಪಕ್ಷ: ಕಲ್ಕತ್ತೆಯ ಕಾಲ್ಚೆಂಡಾಟದ ಅಭಿಮಾನಿಗಳು

ನ್ಯಾಯಶಾಸ್ತ್ರದ ಪ್ರಾಚೀನರು ಇಬ್ಬರ ನಡುವಣ ಚರ್ಚೆಯನ್ನು ವಾದ, ಜಲ್ಪ, ವಿತಂಡೆ ಎಂದು ಮೂರು ಬಗೆಯಾಗಿ ವಿಂಗಡಿಸಿರುವರು. ತತ್ತ್ವವನ್ನು ಅರಿಯಬೇಕೆಂಬ ಇಚ್ಛೆಯಿಂದ ನಡೆಯುವುದು ವಾದ. ಹೇಗಾದರೂ ಗೆಲ್ಲಬೇಕೆಂಬ ಹಟದಿಂದ ನಡೆಯುವುದು ಜಲ್ಪ. ತನ್ನದೆಂದು ಒಂದು ಪಕ್ಷವನ್ನು ಸ್ಥಾಪಿಸದೆ, ಎದುರಾಳಿಯ ಪಕ್ಷವನ್ನು ಕೆಡಹುವುದರಲ್ಲಿಯೇ ತೃಪ್ತಿಯನ್ನು ಪಡೆಯುವುದು ವಿತಂಡೆ. ಈ ಮೂರಕ್ಕೂ ಒಂದೇ ಸಂಜೆಯಲ್ಲಿ, ಒಂದೇ ಬೆಂಚಿನ ಮೇಲೆ ಉದಾಹರಣೆಗಳನ್ನು ಕಾಣಬೇಕಾದರೆ ಕಲ್ಕತ್ತೆಗೆ ಹೋಗಬೇಕು. ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಎಂಬ ಎರಡು ಕಾಲ್ಚೆಂಡಿನ ಸಂಘಗಳಿಗೆ ಪಂದ್ಯವು ಗೊತ್ತಾದ ವಾರದಲ್ಲಿ, ಬಂಗಾಳಿಗಳು ‘ಅಡ್ಡಾ’ ಎಂದು ಕರೆಯುವ ಹರಟೆಯ ಕೂಟಗಳಲ್ಲಿ ಬೇರೆ ವಿಷಯಕ್ಕೆ ಎಡೆ ದೊರೆಯುವುದು ಕಷ್ಟ. ಈ ವರ್ಷ ನಮ್ಮವರ ಬಲವೆಷ್ಟು, ಅವರ ಕುಂದೇನು, ಯಾರು ಮೇಲೇರುವರು, ಯಾರು ಕೆಳಗಿಳಿಯುವರು ಎಂಬ ಭವಿಷ್ಯವಾಣಿಗಳು ಅಲ್ಲಿ ಚಹದ ಬಟ್ಟಲಿನೊಂದಿಗೆ ಹುಟ್ಟಿ, ಹಲವು ವೇಳೆ ಬಟ್ಟಲು ಬರಿದಾಗುವುದರೊಳಗಾಗಿಯೇ ಖಂಡಿತವಾಗುವುವು.

ಇಂತಹ ಮಾತುಗಳು ಒಂದು ಶತಮಾನಕ್ಕೂ ಮಿಗಿಲಾಗಿ ನಡೆದು ಬಂದಿರುವುವು. ಅವುಗಳಲ್ಲಿ ಎಷ್ಟು ಫಲಿಸಿದುವು, ಎಷ್ಟು ಸುಳ್ಳಾದುವು, ಸುಳ್ಳಾದರೂ ಜನರು ಅವನ್ನೇಕೆ ಬಿಡಲಿಲ್ಲ ಎಂಬುದನ್ನು ವಿಚಾರಿಸಿದರೆ, ಕೇವಲ ಆಟದ ಚರಿತ್ರೆಯಲ್ಲದೆ ಮನುಷ್ಯಸ್ವಭಾವದ ಚರಿತ್ರೆಯೂ ಕೊಂಚ ತಿಳಿದುಬರುವುದು. ಕಲ್ಕತ್ತಾ ನಗರವು ೨೦೦೧ನೆಯ ಇಸವಿಯಿಂದ ಕೋಲ್ಕತ್ತವೆಂಬ ಹೆಸರನ್ನು ತಳೆದಿರುವುದಾದರೂ, ಈ ವೃತ್ತಾಂತದ ಬಹುಭಾಗವು ಹಳೆಯ ಹೆಸರಿನ ಕಾಲಕ್ಕೆ ಸೇರಿದುದಾದ ಕಾರಣ ಇಲ್ಲಿ ಆ ಹೆಸರನ್ನೇ ಉಳಿಸಿಕೊಂಡಿದೆ.

ಮೊದಲು ‘ಅಭಿಮಾನಿ’ ಎಂಬ ಶಬ್ದವನ್ನು ನೋಡೋಣ. ಕನ್ನಡದಲ್ಲಿ ಅಭಿಮಾನವೆಂದರೆ ಹೆಮ್ಮೆ, ಅಕ್ಕರೆ. ಸಾಂಖ್ಯರ ಪರಿಭಾಷೆಯಲ್ಲಿಯಾದರೋ ಅದು ಅಹಂಕಾರದ ವೃತ್ತಿ. ‘ನಾನು’, ‘ನನ್ನದು’ ಎಂದು ಹೊರಗಿನ ವಸ್ತುವಿನಲ್ಲಿ ತನ್ನನ್ನು ಆರೋಪಿಸಿಕೊಳ್ಳುವ ಭಾವ. ಕಾಲ್ಚೆಂಡಿನ ಅಭಿಮಾನಿಗೆ ಈ ಎರಡರ್ಥಗಳೂ ಒಪ್ಪುವುವು. ಬಯಲಿನಲ್ಲಿ ಓಡುವವರು ಹನ್ನೊಂದು ಮಂದಿ, ಬೆವರುವವರು ಅವರು, ಕಾಲು ಮುರಿದುಕೊಳ್ಳುವವರೂ ಅವರೇ. ಆದರೆ ಮೆಟ್ಟಿಲಿನ ಮೇಲೆ ಕುಳಿತವನು ‘ಗೆದ್ದೆವು’ ಎನ್ನುವನೇ ಹೊರತು ‘ಗೆದ್ದರು’ ಎನ್ನುವುದಿಲ್ಲ. ಸೋತ ದಿನವೂ ಅವನು ‘ಸೋತೆವು’ ಎಂದೇ ಹೇಳಿ ಊಟವನ್ನು ಬಿಡುವನು. ಹೀಗೆ ಪರರ ಕಾಲುಗಳಿಂದ ತಾನೇ ಓಡುವವನ ಲೆಕ್ಕಾಚಾರವು ಗಣಿತಶಾಸ್ತ್ರಕ್ಕೆ ಒಳಪಡುವುದೆಂದು ನಿರೀಕ್ಷಿಸುವುದು ತರವಲ್ಲ.

ಮೋಹನ್ ಬಾಗಾನ್ ಸಂಘವು ೧೮೮೯ನೆಯ ಇಸವಿ ಆಗಸ್ಟ್ ೧೫ರಂದು ಉತ್ತರ ಕಲ್ಕತ್ತೆಯ ಭದ್ರಲೋಕದವರಿಂದ ಸ್ಥಾಪಿತವಾಯಿತು. ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ನಿನ ಷೀಲ್ಡ್ ಪಂದ್ಯಗಳು ೧೮೯೩ರಲ್ಲಿ ಮೊದಲಾದುವು. ಬಹುಮಾನವು ವರ್ಷವರ್ಷವೂ ಬ್ರಿಟಿಷ್ ಪಡೆಗಳ ಇಲ್ಲವೆ ಐರೋಪ್ಯ ಸಂಘಗಳ ಪಾಲಾಗುತ್ತಿದ್ದಿತು. ಹೀಗಿರಲು ೧೯೧೧ರಲ್ಲಿ ಶಿಬದಾಸ ಭಾದುರಿಯವರ ನಾಯಕತ್ವದಲ್ಲಿ ಮೋಹನ್ ಬಾಗಾನಿನವರು ಒಂದೊಂದಾಗಿ ಎದುರಾಳಿಗಳನ್ನು ದಾಟಿ, ಮಿಡ್ಲ್‌ಸೆಕ್ಸ್ ಪಡೆಯನ್ನು ಎರಡನೆಯ ಸಲದ ಆಟದಲ್ಲಿ ಸೋಲಿಸಿ, ಅಂತಿಮ ಪಂದ್ಯಕ್ಕೆ ಬಂದರು. ಜುಲೈ ೨೯ರ ಆ ಸಂಜೆ ಈಸ್ಟ್ ಯಾರ್ಕ್‌ಷೈರ್ ಪಡೆಯವರು ಬೂಟು ಹಾಕಿಕೊಂಡು ಇಳಿದರೆ, ಇವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲರೂ ಬರಿಗಾಲಿನಲ್ಲಿ ಇಳಿದರು. ನೆರೆದ ಜನರು ಅರುವತ್ತು ಸಾವಿರಕ್ಕೆ ಮಿಕ್ಕಿದ್ದರೆಂದು ಅಂದಾಜು. ಆಟವನ್ನು ಕಣ್ಣಾರೆ ಕಾಣಲಾರದೆ ಹಿಂದೆ ನಿಂತವರಿಗೆ ಗಾಳಿಪಟಗಳನ್ನು ಹಾರಿಸಿ ಗೋಲುಗಳ ಲೆಕ್ಕವನ್ನು ತಿಳಿಸಿದರಂತೆ. ಮೊದಲ ಗೋಲು ಸೈನಿಕರದು. ಆಮೇಲೆ ಶಿಬದಾಸರು ಸಮಮಾಡಿದರು. ಆಟವು ಮುಗಿಯುವುದಕ್ಕೆ ಮುನ್ನ ಅಭಿಲಾಷ ಘೋಷರು ಎರಡನೆಯದನ್ನು ಹೊಡೆದರು.

ಆ ರಾತ್ರಿ ಕಲ್ಕತ್ತೆಯ ಅಭಿಮಾನಿಯನ್ನು ಯಾರಾದರೂ ‘ಮುಂದೇನು?’ ಎಂದು ಕೇಳಿದ್ದರೆ, ಇನ್ನು ಮುಂದೆ ಷೀಲ್ಡು ನಮ್ಮದೇ ಎಂದು ಅವನು ಸಂಶಯವಿಲ್ಲದೆ ಹೇಳುತ್ತಿದ್ದನು. ಆದರೆ ನಡೆದುದು ಬೇರೆ. ಮೋಹನ್ ಬಾಗಾನಿಗೆ ಆ ಷೀಲ್ಡು ಎರಡನೆಯ ಸಲ ದೊರೆತುದು ೧೯೪೭ರಲ್ಲಿ. ಮೂವತ್ತಾರು ವರ್ಷಗಳು ಕಳೆದುವು. ದೇಶದ ರಾಜಧಾನಿಯು ಕಲ್ಕತ್ತೆಯನ್ನು ಬಿಟ್ಟು ದೆಹಲಿಗೆ ಹೋಯಿತು. ಎರಡು ಮಹಾಯುದ್ಧಗಳು ನಡೆದು ಮುಗಿದುವು. ಅಪ್ಪನ ಹೆಗಲ ಮೇಲೆ ಕುಳಿತು ಆ ಗಾಳಿಪಟಗಳನ್ನು ಕಂಡ ಹುಡುಗನು ತಾನೇ ಮಕ್ಕಳ ತಂದೆಯಾದನು. ಕಲ್ಕತ್ತಾ ಲೀಗಿನ ಅಗ್ರಸ್ಥಾನವೂ ೧೯೩೯ರವರೆಗೆ ಆ ಸಂಘಕ್ಕೆ ಲಭಿಸಲಿಲ್ಲ. ಆದರೂ ಪ್ರತಿ ಮಳೆಗಾಲದಲ್ಲಿಯೂ ‘ಈ ಸಲ ಖಂಡಿತ’ ಎಂಬ ಮಾತು ನಿಲ್ಲಲಿಲ್ಲ.

ವಿನೋದವೇನೆಂದರೆ, ಆ ಅಭಿಮಾನಿಯು ಹೇಳುತ್ತಿದ್ದ ಭವಿಷ್ಯವು ಪೂರ್ತಿಯಾಗಿ ಸುಳ್ಳಾಗಲಿಲ್ಲ. ಅದು ಬೇರೊಬ್ಬರ ಮನೆಯಲ್ಲಿ ನಿಜವಾಯಿತು. ಭಾರತೀಯರ ಸಂಘವೊಂದು ಲೀಗಿನಲ್ಲಿ ಐರೋಪ್ಯರನ್ನೆಲ್ಲ ಹಿಂದೆ ಹಾಕುವುದೆಂಬ ಬಯಕೆಯನ್ನು ೧೯೩೪ರಲ್ಲಿ ನೆರವೇರಿಸಿದುದು ಮಹಮ್ಮಡನ್ ಸ್ಪೋರ್ಟಿಂಗ್ ಸಂಘ. ಮೊದಲನೆಯ ದರ್ಜೆಗೆ ಏರಿದ ವರ್ಷವೇ ಲೀಗನ್ನು ಗೆದ್ದು, ೧೯೩೮ರವರೆಗೆ ಸತತವಾಗಿ ಐದು ವರ್ಷ ಅದನ್ನು ತನ್ನಲ್ಲಿಯೇ ಇರಿಸಿಕೊಂಡಿತು. ೧೯೪೦ರಲ್ಲಿ ದೆಹಲಿಯ ಡ್ಯುರಾಂಡ್ ಕಪ್ಪನ್ನೂ ಗೆದ್ದಿತು. ಈ ಏಳಿಗೆಗೆ ಕಾರಣಗಳನ್ನು ವಿಚಾರಿಸಿದರೆ ಎರಡು ಮುಖ್ಯವಾಗಿ ಕಾಣುವುವು. ಮಳೆಯಲ್ಲಿ ನೆನೆದ ಕೆಸರಿನ ನೆಲದ ಮೇಲೆ ಬೂಟನ್ನು ಹಾಕಿಕೊಂಡು ಆಡಲು ಆ ಸಂಘದವರು ಅಭ್ಯಾಸಮಾಡಿದರು. ಮತ್ತು ಕಲ್ಕತ್ತೆಯವರೇ ಆಗಬೇಕೆಂಬ ಹಟವಿಲ್ಲದೆ ದೂರದೂರದ ಊರುಗಳಿಂದ ಆಟಗಾರರನ್ನು ಆರಿಸಿ ತಂದರು.

ಹಾಗೆ ಆರಿಸಿ ತಂದ ಊರುಗಳಲ್ಲಿ ಬೆಂಗಳೂರು ಒಂದು. ದಂಡಿನ ಪ್ರದೇಶದ ಬಯಲುಗಳಲ್ಲಿ ಸೈನಿಕರ ಆಟವನ್ನು ನೋಡಿ, ಅವರೊಡನೆ ಆಡಿ ಬೆಳೆದ ಹುಡುಗರು ಆ ಕಾಲಕ್ಕೆ ದೇಶದಲ್ಲಿ ಹೆಸರಾಗಿದ್ದರು. ಬೆಂಗಳೂರು ಮುಸ್ಲಿಮ್ಸ್ ಎಂಬ ಸಂಘವು ೧೯೩೭ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಆ ಮಹಮ್ಮಡನ್ ಸ್ಪೋರ್ಟಿಂಗ್ ಸಂಘವನ್ನೇ ಸೋಲಿಸಿ ಬಹುಮಾನವನ್ನು ತಂದು, ಮರುವರ್ಷವೂ ಅದನ್ನು ಉಳಿಸಿಕೊಂಡಿತು. ೧೯೪೬ರ ಸಂತೋಷ್ ಟ್ರೋಫಿಯ ಪಂದ್ಯಗಳಲ್ಲಿ ಮೈಸೂರು ತಂಡದವರು ಬಂಗಾಳವನ್ನೇ ಸೋಲಿಸಿ ಗೆದ್ದರು. ಆದುದರಿಂದ ಕಲ್ಕತ್ತೆಯ ಸಂಘಗಳ ಕಣ್ಣು ಬೆಂಗಳೂರಿನ ಮೇಲೆ ಬಿದ್ದುದು ಆಶ್ಚರ್ಯವಲ್ಲ.

ಇನ್ನು ಈಸ್ಟ್ ಬೆಂಗಾಲ್ ಸಂಘದ ಹುಟ್ಟು. ಅದು ಒಂದು ಮನಸ್ತಾಪದಿಂದ ಹುಟ್ಟಿದುದು. ೧೯೨೦ರಲ್ಲಿ ಜೋಡಾಬಾಗಾನ್ ಎಂಬ ಸಂಘವು ಮೋಹನ್ ಬಾಗಾನಿಗೆ ಎದುರಾಗಿ ಆಡಬೇಕಾಗಿದ್ದಿತು. ಆಗ ಪೂರ್ವ ಬಂಗಾಳದವರಾದ ಶೈಲೇಶ ಬೋಸರನ್ನು ತಂಡದಿಂದ ಬಿಟ್ಟರು. ಆ ಸಂಘದ ಉಪಾಧ್ಯಕ್ಷರೂ ಪೂರ್ವ ಬಂಗಾಳದ ಜಮೀನ್ದಾರರೂ ಆಗಿದ್ದ ಸುರೇಶಚಂದ್ರ ಚೌಧುರಿಯವರು ಇದರಿಂದ ನೊಂದು, ಹೊರಬಂದು, ಆಗಸ್ಟ್ ೧ರಂದು ಸಮಾನಮನಸ್ಕರೊಡನೆ ಹೊಸ ಸಂಘವನ್ನು ಕಟ್ಟಿ, ಅದಕ್ಕೆ ತಮ್ಮ ಸೀಮೆಯ ಹೆಸರನ್ನೇ ಇಟ್ಟರು. ೧೯೨೫ನೆಯ ಇಸವಿ ಮೇ ೨೮ರಂದು ಲೀಗಿನಲ್ಲಿ ಎರಡು ಸಂಘಗಳೂ ಮೊದಲ ಬಾರಿಗೆ ಎದುರಾದಾಗ ಕಿರಿಯರೇ ಒಂದು ಗೋಲಿನಿಂದ ಗೆದ್ದರು. ಹಿರಿಯನು ಕಿರಿಯನನ್ನು ಅಲಕ್ಷ್ಯಮಾಡುವ ಸುಖವು ಮೋಹನ್ ಬಾಗಾನಿನ ಅಭಿಮಾನಿಗೆ ಅಂದೇ ತಪ್ಪಿತು.

ಕಲ್ಕತ್ತೆಯಲ್ಲಿ ಪಶ್ಚಿಮದ ಮೂಲನಿವಾಸಿಗಳಿಗೆ ‘ಘೋಟಿ’ ಎಂದೂ, ಪೂರ್ವದಿಂದ ಬಂದವರಿಗೆ ‘ಬಾಂಗಾಲ್’ ಎಂದೂ ಹೆಸರು. ಮಾತಿನ ಧಾಟಿ ಬೇರೆ, ಅಡಿಗೆಯ ರುಚಿ ಬೇರೆ. ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್ ಮೀನು, ಮೋಹನ್ ಬಾಗಾನ್ ಗೆದ್ದರೆ ಸೀಗಡಿ ಎಂಬುದು ಅಲ್ಲಿನ ವಾಡಿಕೆ. ೧೯೪೭ರ ವಿಭಜನೆಯವರೆಗೆ ಇದು ಬಹುಮಟ್ಟಿಗೆ ಹಾಸ್ಯದ ವಿಷಯವಾಗಿದ್ದಿತು. ವಿಭಜನೆಯಾದ ಮೇಲೆ ಲಕ್ಷಾಂತರ ಸಂಸಾರಗಳು ಹೊಲ, ಮನೆ, ಕೆರೆ, ದೇವಸ್ಥಾನಗಳನ್ನು ಗಡಿಯಾಚೆ ಬಿಟ್ಟು, ಜಾದವಪುರದ ಸುತ್ತಮುತ್ತಣ ನಿರಾಶ್ರಿತರ ಬಿಡಾರಗಳಲ್ಲಿ ಬಂದು ಸೇರಿದುವು. ಪೂರ್ವ ಬಂಗಾಳವೆಂಬ ಸೀಮೆಯ ಹೆಸರೇ ಭೂಪಟದಿಂದ ಅಳಿಸಿಹೋಯಿತು; ೧೯೫೫ರಲ್ಲಿ ಅದು ಪೂರ್ವ ಪಾಕಿಸ್ತಾನವಾಯಿತು; ೧೯೭೧ರಲ್ಲಿ ಬಾಂಗ್ಲಾದೇಶವಾಯಿತು. ಆದರೆ ಕಲ್ಕತ್ತೆಯ ಮೈದಾನದ ಒಂದು ಬೇಲಿಯೊಳಗೆ, ಕೆಂಪು ಮತ್ತು ಹೊನ್ನಿನ ಬಣ್ಣದ ಬಾವುಟದ ಕೆಳಗೆ, ಆ ಹೆಸರು ಉಳಿದುಕೊಂಡಿತು. ಇಂತಹವನಿಗೆ ‘ನಿನ್ನ ಸಂಘದ ಮುಂದಿನ ಗತಿಯೇನು?’ ಎಂದು ಕೇಳುವುದು ಆಟದ ಪ್ರಶ್ನೆ ಮಾತ್ರವಾಗಿರಲಿಲ್ಲ. ಊರನ್ನು ಕಳೆದುಕೊಂಡವನು ವಾರಕ್ಕೊಮ್ಮೆ ಊರಿನ ಹೆಸರನ್ನು ಗಟ್ಟಿಯಾಗಿ ಕೂಗುವುದಕ್ಕೆ ಅದೊಂದೇ ಸ್ಥಳವಾಗಿದ್ದಿತು.

ಇಲ್ಲಿ ವಿಚಾರಪರರಿಗೆ ಒಂದು ಸೋಜಿಗವು ಕಾಣುವುದು. ಇಷ್ಟು ತೀವ್ರವಾದ ಪ್ರಾಂತಾಭಿಮಾನದ ಸಂಘಕ್ಕೆ ಅತ್ಯುಚ್ಚವಾದ ಕೀರ್ತಿಯನ್ನು ತಂದವರು ಪ್ರಾಂತದವರಲ್ಲ. ಅಹಮದ್ ಖಾನ್, ವೆಂಕಟೇಶ್, ಧನರಾಜ್, ಅಪ್ಪಾರಾವ್, ಸಾಲೇ ಎಂಬ ಐವರು ಮುಂಚೂಣಿಯ ಆಟಗಾರರನ್ನು ಈಸ್ಟ್ ಬೆಂಗಾಲಿನವರು ‘ಪಂಚಪಾಂಡವ’ರೆಂದು ಕರೆದರು. ಇವರಲ್ಲಿ ಮೊದಲ ಮೂವರು ಬೆಂಗಳೂರಿನವರು, ಅಪ್ಪಾರಾಯರು ಆಂಧ್ರರು, ಸಾಲೇಯವರು ಕೇರಳದವರು. ೧೯೪೯, ೧೯೫೦, ೧೯೫೧ರಲ್ಲಿ ಸತತವಾಗಿ ಮೂರು ಸಲ ಷೀಲ್ಡು ಈಸ್ಟ್ ಬೆಂಗಾಲಿಗೆ ಬಂದಿತು. ಬಂಗಾಳಿಯ ಒಂದಕ್ಷರವನ್ನೂ ಅರಿಯದೆ ಬಂದ ಬೆಂಗಳೂರಿನ ಹುಡುಗನನ್ನು ಢಾಕೆಯಿಂದ ಓಡಿಬಂದ ಮುದುಕನು ‘ನಮ್ಮವನು’ ಎಂದನು. ಸಂಘದ ಅಂಗಿಯನ್ನು ತೊಟ್ಟವನೇ ಮನೆಯವನು. ಹುಟ್ಟಿನಿಂದ ಪ್ರಾರಂಭವಾದ ಅಭಿಮಾನವು ಹುಟ್ಟನ್ನು ಮೀರಿ ಹೋದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕಾಗಿಲ್ಲ.

ಆದರೆ ಅಭಿಮಾನಕ್ಕೆ ಇನ್ನೊಂದು ಮುಖವೂ ಉಂಟು. ಅದನ್ನು ಮುಚ್ಚಿಡುವುದು ಚರಿತ್ರಕಾರನ ಧರ್ಮವಲ್ಲ. ೧೯೭೦ರಿಂದ ೧೯೭೫ರವರೆಗೆ ಈಸ್ಟ್ ಬೆಂಗಾಲ್ ಸಂಘವು ಲೀಗನ್ನು ಎಡೆಬಿಡದೆ ಆರು ಸಲ ಗೆದ್ದು, ಮಹಮ್ಮಡನ್ನರ ಐದರ ದಾಖಲೆಯನ್ನು ಮುರಿಯಿತು. ೧೯೭೫ರ ಸೆಪ್ಟೆಂಬರ್ ೩೦ರಂದು ಷೀಲ್ಡಿನ ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನನ್ನು ಐದು ಗೋಲುಗಳಿಂದ ಸೋಲಿಸಿತು. ಎದುರಾಳಿಗೆ ಒಂದೂ ಇಲ್ಲ. ಆ ಅಪಮಾನವನ್ನು ತಾಳಲಾರದೆ ಮೋಹನ್ ಬಾಗಾನಿನ ತರುಣ ಅಭಿಮಾನಿಯೊಬ್ಬನು ಪ್ರಾಣವನ್ನು ಕಳೆದುಕೊಂಡನು. ಐದು ವರ್ಷಗಳ ಮೇಲೆ, ೧೯೮೦ರ ಆಗಸ್ಟ್ ೧೬ರಂದು ಈಡನ್ ಗಾರ್ಡನಿನಲ್ಲಿ ಇವೆರಡು ಸಂಘಗಳೇ ಆಡುತ್ತಿದ್ದಾಗ, ಬಯಲಿನಲ್ಲಿ ಆಟಗಾರರ ನಡುವೆ ಹತ್ತಿದ ಜಗಳವು ಮೆಟ್ಟಿಲುಗಳಿಗೆ ಹಬ್ಬಿ, ಕಲ್ಲೇಟು ಮತ್ತು ನೂಕುನುಗ್ಗಲುಗಳಲ್ಲಿ ಹದಿನಾರು ಮಂದಿ ಮಡಿದರು. ಬೆಳಿಗ್ಗೆ ಮನೆಯಲ್ಲಿ ‘ಎರಡು ಗೋಲು ನಮ್ಮವು’ ಎಂದು ಹೇಳಿ ಹೊರಟ ಮಕ್ಕಳಿಗಾಗಿ ತಾಯಂದಿರು ರಾತ್ರಿ ಆಸ್ಪತ್ರೆಯ ಬಾಗಿಲಿನಲ್ಲಿ ನಿಂತರು. ಅಂದಿನಿಂದ ಆ ದಿನವನ್ನು ಕಲ್ಕತ್ತೆಯಲ್ಲಿ ಕಾಲ್ಚೆಂಡು ಪ್ರೇಮಿಗಳ ದಿನವೆಂದು ಸ್ಮರಿಸಿ, ರಕ್ತದಾನವನ್ನು ನಡೆಸುವ ಪದ್ಧತಿಯು ಬೆಳೆಯಿತು. ಜಲ್ಪವು ವಿತಂಡೆಯಾಗಿ, ವಿತಂಡೆಯು ಕಲ್ಲಾದರೆ ಏನಾಗುವುದೆಂಬುದಕ್ಕೆ ಆ ದಿನವೇ ಸಾಕ್ಷಿ.

ಭವಿಷ್ಯವಾಣಿಗಳ ವಿಷಯಕ್ಕೆ ಮರಳಿದರೆ, ೧೯೯೭ನೆಯ ವರ್ಷದಷ್ಟು ಬೋಧಪ್ರದವಾದ ವರ್ಷವು ಇನ್ನೊಂದಿಲ್ಲ. ಆಗ ಮೋಹನ್ ಬಾಗಾನಿಗೆ ಅಮಲ್ ದತ್ತರು ಶಿಕ್ಷಕರು. ಈಸ್ಟ್ ಬೆಂಗಾಲಿಗೆ ಪಿ. ಕೆ. ಬ್ಯಾನರ್ಜಿಯವರು. ದತ್ತರು ‘ಡೈಮಂಡ್’ ಎಂಬ, ಸಂಸ್ಕೃತದಲ್ಲಿ ವಜ್ರವ್ಯೂಹವೆನ್ನಬಹುದಾದ ಒಂದು ಹೊಸ ರಚನೆಯನ್ನು ಕಲಿಸಿದ್ದರು. ಅದರಿಂದ ಹಿಂದಿನ ಆಟಗಳಲ್ಲಿ ಗೋಲುಗಳು ಮಳೆಗರೆದುವು. ಇದರಿಂದ ಉಬ್ಬಿದ ದತ್ತರು ಎದುರಾಳಿಯ ಪ್ರಮುಖ ಆಟಗಾರರನ್ನು ಹೆಸರಿಟ್ಟು ಹಾಸ್ಯಮಾಡಿದರು. ಫೆಡರೇಷನ್ ಕಪ್ಪಿನ ಉಪಾಂತ್ಯ ಪಂದ್ಯವು ಜುಲೈ ೧೩ರಂದು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ನಡೆಯಿತು. ೧,೩೧,೭೮೧ ಜನರು ನೋಡಿದರೆಂದು ದಾಖಲೆ. ಮೋಹನ್ ಬಾಗಾನಿನ ಅಭಿಮಾನಿಗೆ ಸಂಶಯದ ಲೇಶವೂ ಇರಲಿಲ್ಲ. ಆದರೆ ಹಾಸ್ಯಕ್ಕೆ ಗುರಿಯಾದ ಸಿಕ್ಕಿಮಿನ ಬೈಚುಂಗ್ ಭೂಟಿಯಾರವರು ಒಬ್ಬರೇ ಮೂರು ಗೋಲುಗಳನ್ನು ಹೊಡೆದರು. ಈಸ್ಟ್ ಬೆಂಗಾಲ್ ನಾಲ್ಕು, ಮೋಹನ್ ಬಾಗಾನ್ ಒಂದು. ವಜ್ರವ್ಯೂಹವು ಒಂದು ಸಂಜೆಯಲ್ಲಿ ಒಡೆದುಹೋಯಿತು.

ಇಲ್ಲಿಗೆ ಕಥೆಯು ಮುಗಿದಿದ್ದರೆ ಗರ್ವಭಂಗದ ನೀತಿಯನ್ನು ಹೇಳಿ ಸುಮ್ಮನಾಗಬಹುದಾಗಿದ್ದಿತು. ಆದರೆ ಮುಂದಿನದನ್ನು ಗಮನಿಸಬೇಕು. ಆ ರಾತ್ರಿ ಈಸ್ಟ್ ಬೆಂಗಾಲಿನ ಅಭಿಮಾನಿಯು ಬರುವ ಕಾಲವೆಲ್ಲವೂ ತನ್ನದೆಂದು ಲೆಕ್ಕಹಾಕಿದನು. ಮೋಹನ್ ಬಾಗಾನಿನವನು ತನ್ನ ಸಂಘಕ್ಕೆ ಇನ್ನು ಗತಿಯಿಲ್ಲವೆಂದು ತಲೆಯ ಮೇಲೆ ಕೈಹೊತ್ತನು. ಅದೇ ೧೯೯೭-೯೮ರ ರಾಷ್ಟ್ರೀಯ ಲೀಗಿನಲ್ಲಿ ಮೋಹನ್ ಬಾಗಾನ್ ಮೊದಲನೆಯದು, ಈಸ್ಟ್ ಬೆಂಗಾಲ್ ಎರಡನೆಯದು. ಅಭಿಮಾನಿಯ ಆಶೆಯು ಎಷ್ಟು ಸುಳ್ಳೋ, ಅವನ ನಿರಾಶೆಯೂ ಅಷ್ಟೇ ಸುಳ್ಳು ಎಂಬುದು ಇದರಿಂದ ಸಿದ್ಧವಾಗುವುದು.

ಈಚಿನ ಕಾಲದಲ್ಲಿ ಎರಡು ಸಂಘಗಳ ಗತಿಯೂ ಬೇರೆ ಬೇರೆ ದಾರಿಯನ್ನು ಹಿಡಿಯಿತು. ೨೦೨೦ರಲ್ಲಿ ಎರಡೂ ಇಂಡಿಯನ್ ಸೂಪರ್ ಲೀಗನ್ನು ಪ್ರವೇಶಿಸಿದುವು. ಈಸ್ಟ್ ಬೆಂಗಾಲ್ ಸಂಘವು ಮೊದಲ ಐದು ಋತುಗಳಲ್ಲಿ ನಾಲ್ಕು ಸಲ ಒಂಬತ್ತನೆಯ ಸ್ಥಾನವನ್ನೂ ಒಂದು ಸಲ ಕಡೆಯ ಸ್ಥಾನವನ್ನೂ ಪಡೆಯಿತು. ೨೦೨೪ರ ಜನವರಿಯಲ್ಲಿ, ನಡುವೆ ಮೋಹನ್ ಬಾಗಾನನ್ನೂ ಸೋಲಿಸಿ, ಸೂಪರ್ ಕಪ್ಪನ್ನು ಗೆದ್ದಾಗ, ರಾಷ್ಟ್ರಮಟ್ಟದ ಬಹುಮಾನವನ್ನು ಕಾಣದೆ ಹನ್ನೆರಡು ವರ್ಷಗಳಾಗಿದ್ದುವು. ಮೋಹನ್ ಬಾಗಾನಾದರೋ ೨೦೨೪-೨೫ರ ಋತುವಿನಲ್ಲಿ ಲೀಗಿನ ಷೀಲ್ಡು, ಕಪ್ಪು ಎರಡನ್ನೂ ಪಡೆಯಿತು. ಹಿಂದೆ ಕಲ್ಕತ್ತೆಗೆ ಆಟಗಾರರನ್ನು ಕಳುಹಿಸಿದ ಬೆಂಗಳೂರು, ೨೦೧೩ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್. ಸಿ. ಸಂಘದ ಮೂಲಕ, ಈಗ ತಾನೇ ಪ್ರತಿಪಕ್ಷವಾಗಿ ನಿಂತಿತು. ೨೦೧೫ರ ಮೇ ೩೧ರಂದು ಕಂಠೀರವ ಕ್ರೀಡಾಂಗಣದಲ್ಲಿ, ಆಟವು ಮುಗಿಯಲು ಕೆಲವೇ ನಿಮಿಷಗಳಿರುವಾಗ ಮೋಹನ್ ಬಾಗಾನ್ ಸಮಗೋಲನ್ನು ಹೊಡೆದು ಐ-ಲೀಗನ್ನು ಬೆಂಗಳೂರಿನ ಕೈಯಿಂದ ಕಸಿದುಕೊಂಡಿತು. ೨೦೨೩ರ ಮತ್ತು ೨೦೨೫ರ ಸೂಪರ್ ಲೀಗಿನ ಅಂತಿಮ ಪಂದ್ಯಗಳಲ್ಲಿಯೂ ಸೋಲು ಬೆಂಗಳೂರಿಗೇ ಆಯಿತು.

ಗೆದ್ದ ಸಂಘದ ಅಭಿಮಾನಿಗೂ ಪೂರ್ಣವಾದ ಸುಖವಿರಲಿಲ್ಲವೆಂಬುದು ಇಲ್ಲಿ ಗಮನಾರ್ಹ. ೨೦೨೦ರಲ್ಲಿ ಬಂಡವಾಳದ ಕಾರಣದಿಂದ ಎ. ಟಿ. ಕೆ. ಎಂಬ ಮತ್ತೊಂದು ಸಂಘದೊಡನೆ ಸೇರಿದಾಗ, ಆ ಮೂರಕ್ಷರಗಳು ಮೋಹನ್ ಬಾಗಾನಿನ ಹೆಸರಿನ ಮುಂದೆ ಬಂದು ಕುಳಿತುವು. ಪಂದ್ಯಗಳನ್ನು ಗೆಲ್ಲುತ್ತಿದ್ದರೂ ಅಭಿಮಾನಿಗಳು ಮೂರು ವರ್ಷ ಪ್ರತಿಭಟಿಸಿದರು. ೨೦೨೩ರ ಮಾರ್ಚ್ ೧೮ರಂದು ಬೆಂಗಳೂರನ್ನು ಸೋಲಿಸಿದ ರಾತ್ರಿಯೇ ಆ ಅಕ್ಷರಗಳನ್ನು ತೆಗೆದುಹಾಕುವುದಾಗಿ ಒಡೆಯರು ಪ್ರಕಟಿಸಿದಾಗ, ಕಪ್ಪಿಗಿಂತಲೂ ಈ ಸುದ್ದಿಯಿಂದಲೇ ಹೆಚ್ಚು ಹಿಗ್ಗಿದವರು ಅನೇಕರು. ಗೆಲುವು ಬೇಕು, ಆದರೆ ಹೆಸರನ್ನು ಕೊಟ್ಟು ಕೊಂಡ ಗೆಲುವು ಬೇಡ ಎಂಬುದು ಅವರ ಸಿದ್ಧಾಂತ.

ಶಾಸ್ತ್ರಗ್ರಂಥಗಳಲ್ಲಿ ಸಿದ್ಧಾಂತವನ್ನು ಹೇಳುವ ಮುನ್ನ ಪೂರ್ವಪಕ್ಷವನ್ನು ನಿರೂಪಿಸುವ ನಿಯಮವುಂಟು. ಪೂರ್ವಪಕ್ಷವನ್ನು ದುರ್ಬಲವಾಗಿ ಹೇಳಿ ಖಂಡಿಸುವವನನ್ನು ಯಾವ ಸಭೆಯೂ ಪಂಡಿತನೆಂದು ಮನ್ನಿಸುವುದಿಲ್ಲ. ಕಲ್ಕತ್ತೆಯ ಅಭಿಮಾನಿಯು ಇದನ್ನು ಯಾವ ಪಾಠಶಾಲೆಗೂ ಹೋಗದೆ ಬಲ್ಲನು. ಈಸ್ಟ್ ಬೆಂಗಾಲ್ ಒಂಬತ್ತನೆಯ ಸ್ಥಾನದಲ್ಲಿ ಬಿದ್ದಿದ್ದಾಗಲೂ, ಅವರ ಮೇಲಿನ ಗೆಲುವೇ ಗೆಲುವೆಂದು ಮೋಹನ್ ಬಾಗಾನಿನವನು ಎಣಿಸಿದನು. ಮೊದಲನೆಯ ಸ್ಥಾನದಲ್ಲಿದ್ದವರನ್ನು ಸೋಲಿಸಿದುದಕ್ಕೂ ಅವನಿಗೆ ಅಷ್ಟು ಸಂತೋಷವಾಗಲಿಲ್ಲ. ತನ್ನ ಸಂಘದ ಭವಿಷ್ಯವನ್ನು ಅವನು ಅಂಕಗಳ ಪಟ್ಟಿಯಲ್ಲಿ ಓದಲಿಲ್ಲ. ಎದುರು ದಡದ ಮುಖಗಳಲ್ಲಿ ಓದಿದನು.

ಈ ಮಾತಿಗೆ ೨೦೨೪ನೆಯ ವರ್ಷವು ಒಂದು ಪ್ರಮಾಣವನ್ನು ಒದಗಿಸಿತು. ಆ ವರ್ಷದ ಆಗಸ್ಟಿನಲ್ಲಿ ಕಲ್ಕತ್ತೆಯ ಆರ್. ಜಿ. ಕರ್ ಆಸ್ಪತ್ರೆಯಲ್ಲಿ ತರುಣ ವೈದ್ಯೆಯೊಬ್ಬಳು ಅತ್ಯಾಚಾರಕ್ಕೊಳಗಾಗಿ ಹತಳಾದಳು. ನಗರವೆಲ್ಲವೂ ನ್ಯಾಯಕ್ಕಾಗಿ ಬೀದಿಗಿಳಿಯಿತು. ೧೮ರಂದು ಡ್ಯುರಾಂಡ್ ಕಪ್ಪಿನಲ್ಲಿ ಎರಡು ಸಂಘಗಳ ಪಂದ್ಯವು ಗೊತ್ತಾಗಿದ್ದಿತು. ರಕ್ಷಣೆಯ ಕಾರಣವನ್ನು ಹೇಳಿ ಅದನ್ನು ರದ್ದುಮಾಡಿದರು. ಆಟವಿಲ್ಲದ ಆ ಸಂಜೆ ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಹಸಿರು-ಕಡುಗೆಂಪಿನವರೂ ಕೆಂಪು-ಹೊನ್ನಿನವರೂ ನೆರೆದರು. ಮಹಮ್ಮಡನ್ ಸ್ಪೋರ್ಟಿಂಗಿನ ಕಪ್ಪು-ಬಿಳುಪಿನವರೂ ಬಂದು ಸೇರಿದರು. ಮಳೆಯಲ್ಲಿ ನೆನೆದು, ಪೋಲೀಸಿನವರ ಲಾಠಿಗಳ ಮುಂದೆ, ಒಬ್ಬರ ಬಾವುಟವನ್ನು ಇನ್ನೊಬ್ಬರು ಹಿಡಿದು, ಒಂದೇ ಕೂಗನ್ನು ಕೂಗಿದರು. ಸಂಘದ ಹೆಸರು ಹಿಡಿದು ಕೂಗುವುದನ್ನು ಕಲಿತ ಕಂಠಗಳು ಆ ದಿನ ನ್ಯಾಯವನ್ನು ಕೇಳುವುದಕ್ಕೆ ಒದಗಿದುವು.

೧೯೮೦ರ ಆಗಸ್ಟಿನಲ್ಲಿ ಕಲ್ಲುಗಳನ್ನು ತೂರಿದುದೂ ಈ ಅಭಿಮಾನವೇ. ೨೦೨೪ರ ಆಗಸ್ಟಿನಲ್ಲಿ ಕೈ ಹಿಡಿದುದೂ ಇದೇ. ಅಭಿಮಾನವನ್ನು ಬೇರುಸಹಿತ ಕೀಳಬೇಕೆನ್ನುವವರು ಎರಡನೆಯದನ್ನು ನೆನೆಯಬೇಕು. ಅದನ್ನು ಮಿತಿಯಿಲ್ಲದೆ ಹೊಗಳುವವರು ಮೊದಲನೆಯದನ್ನು ಮರೆಯಬಾರದು. ಆಮೇಲೆ ಮತ್ತೆ ಪಂದ್ಯಗಳ ಪಟ್ಟಿಯು ಹೊರಬಿದ್ದಿತು. ಚಹದಂಗಡಿಗಳ ಬೆಂಚುಗಳಲ್ಲಿ ‘ಈ ಸಲ ಖಂಡಿತ’ ಎಂಬ ಮಾತು ಎರಡು ಕಡೆಯಿಂದಲೂ ಮತ್ತೆ ಕೇಳಿಬಂದಿತು.